ಬಗ್ಗದ ಬೊಂಬೆ

ಒಸಾಕಾದ ನಿಪ್ಪೊಂಬಾಶಿ ಬೀದಿಯಲ್ಲಿ, ಹಳೇ ಕ್ಯಾಮೆರಾ ಮಾರುವ ಅಂಗಡಿಯ ಪಕ್ಕ, ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಹತ್ತಲಾಗದಷ್ಟು ಕಿರಿದಾದ ಮೆಟ್ಟಿಲು. ಅದರ ತುದಿಗೆ, ಮೂರನೇ ಮಹಡಿಯಲ್ಲಿ, ಶಿಜುಯೆ ಅವರ ರೋಬೋ ಅಂಗಡಿ. ಏದುಸಿರು ಬಿಡುತ್ತ ಬಂದವರ ಅಂಗೈಗೆ ಶಿಜುಯೆ ಮೊದಲು ಒಂದು ಪೆಪ್ಪರಮಿಂಟ್ ಹಾಕುತ್ತಾರೆ, ಏನು ಬೇಕೆಂದು ಕೇಳುವುದು ಆಮೇಲೆ. ಎದೆಯ ಮೇಲೆ ಚಿರತೆಯ ಮುಖವಿರುವ ಅಂಗಿ, ನೇರಳೆ ಬಣ್ಣ ಹಚ್ಚಿದ ಕೂದಲು. ಅಜ್ಜಿ ಎಂದವರಿಗೆ ಪೆಪ್ಪರಮಿಂಟ್ ಇಲ್ಲ, ಅಕ್ಕ ಎನ್ನಬೇಕು. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ವಯಸ್ಸಿನಲ್ಲಿ ಇದೆಂಥ ಅಕ್ಕ ಎಂದು ಕೆಳಗಿನ ಕ್ಯಾಮೆರಾ ಅಂಗಡಿಯವನು ಗೊಣಗುತ್ತಾನೆ, ಅವರು ಕೊಟ್ಟ ಪೆಪ್ಪರಮಿಂಟನ್ನೇ ಚೀಪುತ್ತ.

ಅಂಗಡಿಯ ಗೋಡೆ ಕಾಣದಷ್ಟು ಡಬ್ಬಗಳು. ಕೆಳಗಿನ ಸಾಲಿನಲ್ಲಿ ತೆವಳುವ ಹುಳುಗಳು, ಗೆರೆ ಹಿಡಿದು ಓಡುವ ಪುಟ್ಟ ಗಾಡಿಗಳು. ನಡುವೆ ಬಾಲ ಆಡಿಸುವ ನಾಯಿಗಳು. ಮೇಲಿನ ಸಾಲಿನಲ್ಲಿ ಎರಡು ಕಾಲಿನ ಮೊಣಕೈಯುದ್ದದ ಮನುಷ್ಯರು. ಎಲ್ಲರೂ ಇನ್ನೂ ಬಿಡಿಬಿಡಿಯಾಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಮಲಗಿದ್ದಾರೆ. ಅಂಗಡಿಯ ಹಿಂದೆ ಚಾಪೆ ಹಾಸಿದ ಕೋಣೆ. ಭಾನುವಾರ ಮಧ್ಯಾಹ್ನ ಮಕ್ಕಳು ಬಾಗಿಲಲ್ಲಿ ಬೂಟು ಕಳಚಿ ಒಳಗೆ ಬಂದು, ಈ ಬಿಡಿ ಮನುಷ್ಯರನ್ನು ಕೂಡಿಸಿ ಎಬ್ಬಿಸಿ ನಿಲ್ಲಿಸುವುದನ್ನು ಕಲಿಯುತ್ತಾರೆ.

ಕಲಿಸುವವನು ನೊಬುಯ ಮಿಯಾಕೆ. ವಾರವೆಲ್ಲ ಸೈಕಲ್ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಇಲ್ಲಿ ಮೇಷ್ಟ್ರು. ಆ ಕೋಣೆಯ ಮಧ್ಯಾಹ್ನ ಅವನಿಗೆ ಅರೆನಿದ್ದೆಯ ಹಾಗಿರುತ್ತಿತ್ತು. ಎದುರು ಕಟ್ಟಡದ ಜಾಹೀರಾತು ಫಲಕಕ್ಕೆ ಬಡಿದ ಬಿಸಿಲು ಹಳದಿ ಬಣ್ಣ ಹಚ್ಚಿಕೊಂಡು ಕಿಟಕಿಯಿಂದ ಒಳಬರುತ್ತಿತ್ತು. ಬೆಸುಗೆಯ ತೆಳು ಹೊಗೆ ಅದರಲ್ಲಿ ಮೆಲ್ಲಗೆ ಮೇಲೇಳುತ್ತಿತ್ತು. ರೋಬೋಗಳು ಸುಮ್ಮನೆ ನಿಂತಿದ್ದರೂ ಅವುಗಳ ಮೋಟರುಗಳು ಮೈಭಾರ ಹೊತ್ತು ಸಣ್ಣಗೆ ಗುಂಯ್ ಎನ್ನುತ್ತಿರುತ್ತವೆ. ಏಳೆಂಟು ರೋಬೋಗಳ ಆ ಗುಂಯ್ ಸೇರಿದಾಗ ಕೋಣೆಯೇ ಉಸಿರಾಡುತ್ತಿದೆ ಎನಿಸುತ್ತಿತ್ತು. ಮಕ್ಕಳ ಮಾತು ದೂರದಿಂದ ಬಂದಂತೆ ಕೇಳುತ್ತಿತ್ತು. ಆ ಮಂಪರಿನ ನಡುವೆ ಒಂದು ಕಡೆ ಮಾತ್ರ ಅವನ ಕಣ್ಣು ಪೂರಾ ಎಚ್ಚರವಾಗಿರುತ್ತಿತ್ತು: ಕಿಟಕಿ ಪಕ್ಕದ ಮೇಜು, ಅಲ್ಲಿ ನಾಲಿಗೆಯ ತುದಿ ಕಚ್ಚಿಕೊಂಡು ಸ್ಕ್ರೂ ಬಿಗಿಯುವ ಕೊಹರು.

ಹನ್ನೊಂದರ ಕೊಹರು ಅವನ ಮಗಳು. ಅದು ಶಿಜುಯೆಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ಹುಡುಗಿಗೆ ಗೊತ್ತೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ.

ಅವನೂ ಸಾತೊಮಿಯೂ ಬೇರೆಯಾದಾಗ ಮಗುವಿಗೆ ಮೂರು ವರ್ಷ. ಮಗು ತಾಯಿಯ ಪಾಲಾಯಿತು, ತಾಯಿ ಇನ್ನೊಂದು ಮದುವೆಯಾದಳು, ಮಗುವಿನ ಮನೆತನದ ಹೆಸರು ತೆರಾನಿಶಿ ಎಂದಾಯಿತು. ಅಲ್ಲಿಗೆ ಅವನ ಪಾಲಿಗೆ ಮುಗಿದ ಕತೆ. ಹೀಗಿರುವಾಗ ಎರಡು ವರ್ಷದ ಹಿಂದೆ ಒಂದು ಭಾನುವಾರ ಸಾತೊಮಿ ಮಗಳ ಕೈ ಹಿಡಿದು ಆ ಮೆಟ್ಟಿಲು ಹತ್ತಿ ಬಂದಳು. ಪಾಠ ಮುಗಿಯುವವರೆಗೆ ಕಾದು, ಕೆಳಗೆ ಬೀದಿ ಮೂಲೆಯಲ್ಲಿ ಅವನನ್ನು ನಿಲ್ಲಿಸಿಕೊಂಡಳು.

"ರೋಬೋ ಕಟ್ಬೇಕಂತೆ, ಒಂದೇ ಹಟ. ನಿನ್ನ ರಕ್ತ, ಇನ್ನೇನಾಗುತ್ತೆ?" ಎಂದಳು. "ಎಲ್ಲಾ ಕಡೆ ವಿಚಾರಿಸ್ದೆ. ಇಲ್ಲಿ ಕಲಿಸೋ ಅಷ್ಟು ಚೆನ್ನಾಗಿ ಬೇರೆಲ್ಲೂ ಕಲಿಸಲ್ಲ ಅಂದ್ರು. ಕಲಿಸೋನು ನೀನೇ ಅಂತ ಆಮೇಲೆ ಗೊತ್ತಾಯ್ತು. ನೋಡು, ನೀನು ಅವಳಿಗೆ ಮೇಷ್ಟ್ರು, ಅಷ್ಟೇ. ಮನೇಲಿ ಅವಳಿಗೊಬ್ಬರು ಅಪ್ಪ ಇದಾರೆ, ಒಳ್ಳೇವ್ರು. ಮಗು ತಲೆ ಕೆಡಿಸ್ಬೇಡ. ಮಾತು ಕೊಡು."

ಕೊಟ್ಟ. ಭಾನುವಾರಕ್ಕೊಮ್ಮೆ ಮಗಳನ್ನು ನೋಡಲು ಸಿಗುವುದಾದರೆ ಅವನು ಬೇಕಾದರೆ ನಾಲಿಗೆಯನ್ನೇ ಕೊಡುತ್ತಿದ್ದ.

ಮಾತು ಉಳಿಸಿಕೊಳ್ಳಲು ಅವನು ಹಿಡಿದ ದಾರಿ ಮರ್ಯಾದೆಯದು. ಉಳಿದ ಮಕ್ಕಳನ್ನು "ಏಯ್ ರಿಕು, ಆ ವೈರು ಬಾಯಿಗೆ ಹಾಕ್ಕೋಬೇಡ್ವೋ" ಎನ್ನುವ ಮನುಷ್ಯ, ಮಗಳನ್ನು ಮಾತ್ರ "ತೆರಾನಿಶಿ ಅವರೇ, ಆ ಸ್ಕ್ರೂ ಇನ್ನೊಂದು ಸುತ್ತು ಬಿಗಿ ಮಾಡ್ತೀರಾ?" ಎಂದು ಕೇಳುತ್ತಿದ್ದ. ಅವಳು ಬಂದಾಗ ಒಮ್ಮೆ ಬಗ್ಗಿ ವಂದಿಸುತ್ತಿದ್ದ, ಹೊರಟಾಗ ಒಮ್ಮೆ. ಬಗ್ಗುವುದರಲ್ಲಿ ನಮ್ಮ ಜಪಾನಿನ ಜನ ಎತ್ತಿದ ಕೈ, ಫೋನಿನಲ್ಲಿ ಮಾತಾಡುವಾಗಲೂ ಗೋಡೆಗೆ ಬಗ್ಗುತ್ತೇವೆ. ಆದರೂ ಹನ್ನೊಂದರ ಹುಡುಗಿಗೆ ಅಷ್ಟು ಬಗ್ಗುವ ಮೇಷ್ಟ್ರನ್ನು ಯಾರೂ ಕಂಡಿರಲಿಲ್ಲ. ಎಲ್ಲಿ ಒಂದು ಸಲಿಗೆಯ ಮಾತು ಬಾಯಿಂದ ಜಾರಿ, ಅದರ ಹಿಂದೆ ಎಲ್ಲವೂ ಹೊರಗೆ ಬಂದುಬಿಡುತ್ತದೋ ಎಂದು ಅವನಿಗೆ ಭಯ.

"ಮೇಷ್ಟ್ರಿಗೆ ಕೊಹರು ಕಂಡ್ರೆ ನಡುಕ," ಎಂದು ರಿಕು ಎಲ್ಲರೆದುರು ಸಾರುತ್ತಿದ್ದ. ಕೊಹರು ನಗುತ್ತಿರಲಿಲ್ಲ. ತಲೆಯೆತ್ತಿ ಮೇಷ್ಟ್ರ ಮುಖ ನೋಡಿ, ಮತ್ತೆ ಸ್ಕ್ರೂ ಕಡೆ ತಿರುಗುತ್ತಿದ್ದಳು.

ಈಗ ಆ ಭಾನುವಾರಗಳೂ ಮುಗಿಯುತ್ತಿದ್ದವು. ಸಾತೊಮಿಯ ಈಗಿನ ಗಂಡ ತೆರಾನಿಶಿಗೆ ದೂರದ ಉತ್ತರಕ್ಕೆ, ಸಪ್ಪೊರೊಗೆ, ವರ್ಗವಾಗಿತ್ತು. ವಸಂತದ ಪಾಠ ಮುಗಿದ ಮೇಲೆ ಇಡೀ ಸಂಸಾರ ಹೊರಡುವುದಿತ್ತು. ಮಗಳು ತನ್ನನ್ನು ಯಾರೋ ಪರಕೀಯ ಮೇಷ್ಟ್ರು ಎಂದುಕೊಂಡೇ ಹೋಗಿಬಿಡುತ್ತಾಳೆ. ಇನ್ನು ಹತ್ತು ವರ್ಷಕ್ಕೆ ಹೆಸರೂ ಮರೆತಿರುತ್ತಾಳೆ. ನೊಬುಯನಿಗೆ ಬೇಕಿದ್ದದ್ದು ಹೆಚ್ಚೇನಲ್ಲ. ಹೋಗುವ ಮುಂಚೆ, ನೀನು ನನಗೆ ಯಾರು ಎಂದು ನನಗೆ ಗೊತ್ತು ಎನ್ನುವ ಒಂದು ಸುಳಿವು ಅವಳಿಂದ. ಬಾಯಿಬಿಟ್ಟು ಕೇಳುವಂತಿಲ್ಲ, ಹೇಳುವಂತಿಲ್ಲ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಕೊನೆಯ ಪಾಠಕ್ಕೆ ಒಂದು ಪದ್ಧತಿ ಇತ್ತು. ತಂದೆತಾಯಿಯರೆಲ್ಲ ಬಂದು ಗೋಡೆಗೊರಗಿ ಕೂರುತ್ತಾರೆ. ಪ್ರತಿ ಮಗುವಿನ ರೋಬೋ ಮುಂದೆ ಬಂದು ಮೇಷ್ಟ್ರ ರೋಬೋಗೆ ಬಗ್ಗಿ ವಂದಿಸಿ, ಆಮೇಲೆ ಒಂದು ಪಟ್ಟು ಕುಸ್ತಿ ಆಡುತ್ತದೆ. ವಂದಿಸದ ರೋಬೋಗೆ ಕುಸ್ತಿಯಿಲ್ಲ. ಬಗ್ಗಿಸುವುದು ಸುಲಭದ ಕೆಲಸವೂ ಅಲ್ಲ. ಸೊಂಟ ಮುಂದೆ ಹೋದಷ್ಟೂ ಮಂಡಿ, ಹಿಮ್ಮಡಿ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಬೊಂಬೆ ಮೂಗು ಜಜ್ಜಿಕೊಳ್ಳುತ್ತದೆ. ಈ ಕಿಟ್‌ನ ರೋಬೋಗಳಿಗೆ ಕೈ ಹಿಡಿದು ಕಲಿಸಬಹುದು: ಮೋಟರುಗಳನ್ನು ಸಡಿಲ ಬಿಟ್ಟು, ಮೈಯನ್ನು ಬೇಕಾದ ಹಾಗೆ ಬಗ್ಗಿಸಿ ಹಿಡಿದರೆ, ಆ ಭಂಗಿಯನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಅದರ ಹಿಂದಿನ ಭಾನುವಾರ ತಾಲೀಮು ನಡೆದಾಗ ಕೊಹರುಳ ರೋಬೋ ರಿಕುವಿನ ರೋಬೋಗೆ ಚೆಂದಾಗಿ ಬಗ್ಗಿತು. ಮೇಷ್ಟ್ರ ರೋಬೋ ಮುಂದೆ ಬಂದಾಗ ಮಾತ್ರ ನೆಟ್ಟಗೆ ನಿಂತಿತು.

"ಏನೇ, ಸೊಂಟ ಹಿಡ್ಕೊಂಡಿದ್ಯಾ ಅದಕ್ಕೆ?" ಎಂದ ರಿಕು.

ನೊಬುಯ ಸೊಂಟದ ಮೋಟರ್ ಮುಟ್ಟಿ ನೋಡಿದ. ಸರಿಯಾಗೇ ಇತ್ತು. "ತೆರಾನಿಶಿ ಅವರೇ, ಇಲ್ಲಿ ವಂದನೆ ಬಿಟ್ಟುಹೋಗಿದೆಯಲ್ಲ?"

"ಬಿಟ್ಟುಹೋಗಿಲ್ಲ ಮೇಷ್ಟ್ರೇ. ಹಾಕಿಲ್ಲ."

"ಯಾಕೆ?"

"ನಿಮ್ಮ ರೋಬೋಗೆ ಬೇಡ ಅಂತ."

"ಎದುರಾಳಿಗೆ ಮರ್ಯಾದೆ ಕೊಡೋದು ಮೊದಲ ಪಾಠ ಅಲ್ವಾ?"

"ಹೌದು," ಎಂದಳು ಕೊಹರು. ಅಷ್ಟೇ ಎಂದಳು. ಅವಳ ದವಡೆ ಬಿಗಿದಿತ್ತು. ಆ ಹಟ ಎಲ್ಲಿಂದ ಬಂದದ್ದೆಂದು ಅವನಿಗೆ ಗೊತ್ತಿತ್ತು, ಬೆಳಗ್ಗೆ ಗಡ್ಡ ಹೆರೆಯುವಾಗ ಅದೇ ದವಡೆಯನ್ನು ಕನ್ನಡಿಯಲ್ಲಿ ನೋಡುತ್ತಿದ್ದ.

ಮನೆಗೆ ಹೋಗುವಾಗ ರೈಲಿನಲ್ಲಿ ಅವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅಂಗಡಿಯ ರೋಬೋಗಳೆಲ್ಲ ಡಬ್ಬ ಬಿಟ್ಟು ಎದ್ದು, ಸಾಲಾಗಿ ಆ ಕಿರಿದಾದ ಮೆಟ್ಟಿಲು ಇಳಿದು ಬೀದಿಗೆ ಬಂದವು. ಬೀದಿಯಲ್ಲಿ ಜನವಿರಲಿಲ್ಲ, ಹಳದಿ ಬಿಸಿಲಷ್ಟೇ ಇತ್ತು. ಅವು ಕಾಲುವೆಯ ಸೇತುವೆ ದಾಟುತ್ತ ಕಂಡಕಂಡದ್ದಕ್ಕೆಲ್ಲ ಬಗ್ಗಿ ವಂದಿಸಿದವು: ದೀಪದ ಕಂಬಕ್ಕೆ, ಅಂಚೆ ಡಬ್ಬಕ್ಕೆ, ಹೋಟೆಲಿನ ಬೋರ್ಡಿನ ಮೇಲೆ ಕಾಲಾಡಿಸುವ ದೊಡ್ಡ ಏಡಿಗೆ. ಏಡಿಯೂ ಬಗ್ಗಿತು. ನೀರೊಳಗಿನ ಮೋಡಗಳೂ ಬಗ್ಗಿದವು. ಒಂದೇ ಒಂದು ರೋಬೋ ಯಾರಿಗೂ ಬಗ್ಗದೆ ಸೀದಾ ನಡೆದು ಅವನ ಬಳಿ ಬಂತು, ಅವನ ಬೂಟಿನ ಮೇಲೆ ಕಾಲಿಟ್ಟು ನಿಂತು, ಮುಖವೆತ್ತಿ ನೋಡಿತು. ಏನು ಹೇಳುತ್ತದೋ ಎಂದು ಅವನು ಕಿವಿಗೊಟ್ಟ. ಗುಂಯ್ ಎನ್ನುವ ಸದ್ದಷ್ಟೇ ಕೇಳಿತು. ಎಚ್ಚರವಾದಾಗ ಅವನ ನಿಲ್ದಾಣ ದಾಟಿ ಎಷ್ಟೋ ಮುಂದೆ ಬಂದಿತ್ತು ರೈಲು.

ಕನಸಿಗೆ ಅರ್ಥ ಕಟ್ಟುವುದರಲ್ಲಿ ನೊಬುಯ ಶುದ್ಧ ದಡ್ಡ. ಅವಳಿಗೆ ವಿಷಯ ಗೊತ್ತಾಗಿದೆ, ಬಿಟ್ಟುಹೋದ ಅಪ್ಪನ ಮೇಲೆ ಸಿಟ್ಟು ಬಂದಿದೆ, ನಿನಗೆ ನನ್ನ ಮರ್ಯಾದೆ ಇಲ್ಲ ಎನ್ನುತ್ತಿದ್ದಾಳೆ ಎಂದುಕೊಂಡ. ಮರುಕ್ಷಣ, ಗೊತ್ತಿಲ್ಲ, ಏನೂ ಗೊತ್ತಿಲ್ಲ, ಮಕ್ಕಳ ಉಡಾಫೆ ಅಷ್ಟೇ ಎಂದುಕೊಂಡ. ಎರಡರಲ್ಲಿ ಯಾವುದು ಹೆಚ್ಚು ನೋವಿನದೆಂದು ಅವನಿಗೆ ಬಗೆಹರಿಯಲಿಲ್ಲ. ಅದಿರಲಿ, ಎಲ್ಲ ತಂದೆತಾಯಿಯರ ಮುಂದೆ ಅವಳ ಬೊಂಬೆ ಸೆಟೆದು ನಿಂತರೆ ಜನ ಏನನ್ನುತ್ತಾರೆ? ಸಾತೊಮಿ ತಲೆ ತಗ್ಗಿಸಬೇಕಾಗುತ್ತದೆ. ಹುಡುಗಿಗೆ ಕುಸ್ತಿಯೂ ತಪ್ಪುತ್ತದೆ.

ಹಾಗಾಗಿ ಕೊನೆಯ ಭಾನುವಾರ ಎಲ್ಲರಿಗಿಂತ ಮುಂಚೆ ಬಂದ. ಮಗಳ ರೋಬೋವನ್ನು ಕಪಾಟಿನಿಂದ ಇಳಿಸಿ, ಕಿಟಕಿ ಬಳಿ ಕೂತು, ಮೋಟರುಗಳನ್ನು ಸಡಿಲ ಬಿಟ್ಟ. ಬೊಂಬೆ ನಿದ್ದೆ ಬಂದ ಮಗುವಿನ ಹಾಗೆ ಅವನ ಕೈಮೇಲೆ ಜೋತುಬಿತ್ತು. ಅವಳು ಬಿಗಿದ ಒಂದೊಂದು ಸ್ಕ್ರೂ ಅವನ ಬೆರಳಿಗೆ ತಾಕುತ್ತಿತ್ತು. ಬೆನ್ನಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಬಗ್ಗಿಸಿದ, ಮಂಡಿಯನ್ನು ಹಿಂದೆ ಸರಿಸಿದ, ಇಷ್ಟು ಸಾಕು ಎನ್ನಿಸಿದ ಮೇಲೆ ಕೊನೆಯಲ್ಲಿ ಇನ್ನೊಂಚೂರು ಬಗ್ಗಿಸಿದ. ಎಷ್ಟು ಹೊತ್ತು ಹಾಗೇ ಕೂತಿದ್ದನೋ ಅವನಿಗೇ ಅರಿವಿರಲಿಲ್ಲ. ಮೆಟ್ಟಿಲ ಮೇಲೆ ಮಕ್ಕಳ ಸದ್ದು ಕೇಳಿದಾಗ ಬೊಂಬೆಯನ್ನು ಕಪಾಟಿಗೆ ಸೇರಿಸಿ ಎದ್ದ.

ಕೋಣೆ ತುಂಬಿತು. ಸಾತೊಮಿ ಮೂಲೆಯಲ್ಲಿ ಕೂತಳು. ಮಕ್ಕಳು ಒಬ್ಬೊಬ್ಬರಾಗಿ ಬಂದು, ರೋಬೋಗಳನ್ನು ಬಗ್ಗಿಸಿ, ಕುಸ್ತಿಯಾಡಿ, ಸೋತು ಗೆದ್ದು ಚಪ್ಪಾಳೆ ಗಿಟ್ಟಿಸಿದರು. ಕೊಹರುಳ ಸರದಿ ಬಂತು. ಅವಳು ರಿಮೋಟ್ ಒತ್ತಿದಳು. ನಾಲ್ಕು ಹೆಜ್ಜೆ ನಡೆದುಬಂದ ಅವಳ ರೋಬೋ ಮೇಷ್ಟ್ರ ರೋಬೋ ಮುಂದೆ ನಿಂತಿತು, ಮತ್ತು ಬಗ್ಗಿತು. ಬಲಭುಜ ಒಂಚೂರು ಕೆಳಗೆ. ಬಗ್ಗಿ ಮುಗಿಯಿತು ಎನ್ನುವಾಗ, ಏನೋ ಮರೆತದ್ದು ನೆನಪಾದಂತೆ, ಇನ್ನೂ ಒಂಚೂರು. ಆ ಒಂಚೂರಿಗೆ ಸಮತೋಲ ತಪ್ಪಿ ಮೂಗು ಕೆಳಗಾಗಿ ಬಿತ್ತು.

"ಅಯ್ಯೋ! ಥೇಟ್ ಮೇಷ್ಟ್ರು!" ಎಂದು ಕೂಗಿದ ರಿಕು. "ಭುಜ ನೋಡ್ರೋ, ಭುಜ! ಮೇಷ್ಟ್ರು ಹಿಂಗೇ ಬಗ್ಗೋದು!"

ಕೋಣೆಯೆಲ್ಲ ನಕ್ಕಿತು. ಹೌದಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ತಾನು ಹಾಗೆ ಬಗ್ಗುತ್ತೇನೆಂದು ನೊಬುಯನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಕೊಹರು ಮಾತ್ರ ನಗಲಿಲ್ಲ. ಬೊಂಬೆಯನ್ನು ಎತ್ತಿ ಎದೆಗೊತ್ತಿಕೊಂಡಳು.

"ಇದನ್ನ ನಾನು ಕಲಿಸಿಲ್ಲ," ಎಂದಳು. "ಮೇಷ್ಟ್ರೇ, ನೀವು ಬಗ್ಗಿಸಿದ್ರಾ?"

"ಕ್ಷಮಿಸಿ, ತೆರಾನಿಶಿ ಅವರೇ. ಕೇಳದೆ ಮುಟ್ಟಿದ್ದು ತಪ್ಪಾಯ್ತು." ಹೇಳುತ್ತ ಅವನು ಬಗ್ಗಿದ, ಬಲಭುಜ ಒಂಚೂರು ಕೆಳಗೆ.

"ಬಗ್ಗಬೇಡಿ!" ಹುಡುಗಿಯ ದನಿ ಒಡೆಯಿತು. "ಎಲ್ರಿಗೂ ಬಗ್ಗಿ, ಯಾರಿಗ್ ಬೇಕಾದ್ರೂ ಬಗ್ಗಿ. ನನಗೆ ಬಗ್ಗಬೇಡಿ!"

ನಗು ನಿಂತುಹೋಯಿತು. "ಸರಿ," ಎಂದ ನೊಬುಯ, ಮತ್ತು ಅಭ್ಯಾಸಬಲದಿಂದ ಇನ್ನೊಮ್ಮೆ ಬಗ್ಗಿಬಿಟ್ಟ.

ಶಿಜುಯೆ ಎದ್ದು ನಿಂತು, "ಎಲ್ರೂ ಟೀ ಕುಡೀರಿ, ಸಿಹಿ ತಿನ್ನಿ, ಕುಸ್ತಿ ಎಲ್ಲೂ ಓಡಿಹೋಗಲ್ಲ," ಎಂದು ಎಲ್ಲರಿಗೂ ತಟ್ಟೆ ಹಂಚಿ, ಮೇಷ್ಟ್ರ ತೋಳು ಹಿಡಿದು ಅಂಗಡಿಯ ಒಲೆಕಟ್ಟೆಯ ಮೂಲೆಗೆ ಎಳೆದೊಯ್ದರು.

"ನಿನ್ನ ತಲೇಲಿ ಏನಿದೆಯೋ? ಮೋಟರ್ ಗ್ರೀಸಾ?"

"ಮರ್ಯಾದೆಗೆ ಅಂತ ಮಾಡ್ದೆ ಅಕ್ಕ. ಅವಳಿಗೆ ಕುಸ್ತಿ ತಪ್ಪಬಾರದು ಅಂತ."

"ಮರ್ಯಾದೆ! ಎರಡು ವರ್ಷದಿಂದ ನೋಡ್ತಿದೀನಿ ನಿನ್ನ ಮರ್ಯಾದೆ. ಬ್ಯಾಂಕ್ ಮ್ಯಾನೇಜರ್ ಬಂದ್ರೂ ಹಾಗೆ ಬಗ್ಗಲ್ಲ ನೀನು. ನಿಮ್ಮಪ್ಪ ನಿನಗೆ ಯಾವತ್ತಾದ್ರೂ ಬಗ್ಗಿದ್ನಾ?"

"ಇಲ್ಲ."

"ನೀನು ಅವನಿಗೆ? ಮನೆಯೋರಿಗೆ ಯಾರಾದ್ರೂ ಬಗ್ತಾರೇನೋ?"

ಕೆಟಲಿನ ಹಬೆ ಇಬ್ಬರ ನಡುವೆ ಎದ್ದು ಚಾವಣಿಗೆ ಹೋಗುತ್ತಿತ್ತು. ಅವನಿಗೆ ಏನೋ ಹೊಳೆಯುತ್ತಿತ್ತು, ಹಿಡಿಯಲು ಹೋದರೆ ಜಾರುತ್ತಿತ್ತು. "ಅವಳಿಗೆ ಗೊತ್ತಿಲ್ಲ ಅಕ್ಕ," ಎಂದ ಕೊನೆಗೆ. "ಹೇಳೋ ಹಾಗೂ ಇಲ್ಲ. ಮಾತು ಕೊಟ್ಟಿದೀನಿ."

"ಕೊಟ್ಟೋನು ನೀನು. ಅವಳು ಯಾರಿಗೂ ಕೊಟ್ಟಿಲ್ವಲ್ಲ," ಎಂದರು ಶಿಜುಯೆ, ಅವನ ಅಂಗೈಗೆ ಪೆಪ್ಪರಮಿಂಟ್ ಒತ್ತಿ. "ಇದನ್ನ ಬಾಯಿಗ್ ಹಾಕ್ಕೊಂಡು ತೆಪ್ಪಗಿರು."

ಅವರು ಮರಳಿ ಬಂದಾಗ ಕೊಹರು ಕಿಟಕಿ ಬಳಿ ಕೂತು, ರೋಬೋಗೆ ನೊಬುಯ ಕಲಿಸಿದ್ದ ಆ ವಂದನೆಯನ್ನು ಅಳಿಸಿ ಮುಗಿಸಿದ್ದಳು. ಸಾತೊಮಿ ಅವಳ ಪಕ್ಕದಲ್ಲಿದ್ದಳು. ಏನು ಮಾತಾಡಿದ್ದರೋ, ಇಬ್ಬರ ಕಣ್ಣೂ ಕೆಂಪಾಗಿದ್ದವು. "ಆಡೋಣ್ವಾ ಮೇಷ್ಟ್ರೇ?" ಎಂದಳು ಕೊಹರು. ವಂದಿಸದ ರೋಬೋಗೆ ಕುಸ್ತಿಯಿಲ್ಲ ಎಂದು ರಿಕು ಬಾಯಿ ತೆರೆದ. ಶಿಜುಯೆ ಆ ಬಾಯಿಗೊಂದು ಅಕ್ಕಿ ಉಂಡೆ ತುರುಕಿದರು.

ಎರಡು ರೋಬೋಗಳೂ ಚಾಪೆಯ ಮೇಲೆ ಎದುರುಬದುರಾದವು. ಹಳದಿ ಬೆಳಕು ಈಗ ನೆಲದವರೆಗೆ ಇಳಿದು ಅವುಗಳ ನೆರಳನ್ನು ಗೋಡೆಯ ಮೇಲೆ ಆಳೆತ್ತರ ಎಬ್ಬಿಸಿತ್ತು. ಮಗಳ ರೋಬೋ ನೆಟ್ಟಗೆ ನಡೆದು ಬಂತು. ನೊಬುಯ ರಿಮೋಟ್ ಹಿಡಿದಿದ್ದನೇ ಹೊರತು ಒತ್ತಿದನೋ ಇಲ್ಲವೋ ಹೇಳಲಾರ. ಎರಡು ಬೊಂಬೆಗಳ ಕೈಗಳು ಒಂದಕ್ಕೊಂದು ಸಿಕ್ಕಿಕೊಂಡವು, ಮೋಟರುಗಳು ಗುಂಯ್‌ಗುಟ್ಟಿದವು, ತಬ್ಬಿಕೊಂಡೇ ಅರ್ಧ ಸುತ್ತು ತಿರುಗಿ ಎರಡೂ ಒಟ್ಟಿಗೆ ಬಿದ್ದವು. ಕೊಹರು ಗಟ್ಟಿಯಾಗಿ ನಕ್ಕಳು. ಎರಡು ವರ್ಷದಲ್ಲಿ ಅವಳು ಅಷ್ಟು ನಕ್ಕಿದ್ದನ್ನು ಅವನು ಕೇಳಿರಲಿಲ್ಲ.

ಆಮೇಲೆ ಹೊರಡುವ ಹೊತ್ತು. ಮಕ್ಕಳು ಬಾಗಿಲ ಬಳಿ ಸಾಲಾಗಿ ನಿಂತು, "ತುಂಬ ವಂದನೆಗಳು ಮೇಷ್ಟ್ರೇ," ಎಂದು ಬಗ್ಗಿ, ಬೂಟು ಮೆಟ್ಟಿಕೊಂಡು ಒಬ್ಬೊಬ್ಬರಾಗಿ ಇಳಿದರು. ಸಾತೊಮಿ ಮುಂಚೆಯೇ ಮೆಟ್ಟಿಲಿಗೆ ಹೋಗಿ ನಿಂತಿದ್ದಳು. ಕೊನೆಯಲ್ಲಿ ಉಳಿದವರು ರಿಕು ಮತ್ತು ಕೊಹರು. ಕೊಹರು ಹೊಸ್ತಿಲ ಮೇಲೆ ಕೂತು, ಬೊಂಬೆಯ ಡಬ್ಬವನ್ನು ಪಕ್ಕದಲ್ಲಿಟ್ಟು, ಬೂಟಿನ ಲಾಡಿಯನ್ನು ನಿಧಾನವಾಗಿ ಕಟ್ಟಿದಳು. ನೊಬುಯ ಬಗ್ಗಬಾರದು ಎಂದು ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಿದ್ದ.

ಅವಳು ಎದ್ದಳು, ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ವಂದನೆಗಳು ಎನ್ನಲಿಲ್ಲ, ಬಗ್ಗಲೂ ಇಲ್ಲ. ನೆಟ್ಟಗೆ ನಿಂತು ಅವನ ಮುಖ ನೋಡಿದಳು.

"ಹೋಗಿ ಬರ್ತೀನಿ," ಎಂದಳು.

ರಿಕು ಪಕ್ಕನೆ ನಕ್ಕ. "ಏಯ್ ಪೆದ್ದಿ, ಪಾಠದಿಂದ ಹೋಗೋವಾಗ ಯಾರಾದ್ರೂ ಹಾಗಂತಾರಾ? ಅದು ಮನೇಲಿ ಹೇಳೋದು. ಇದೇನು ನಿಮ್ಮನೇನಾ?"

ಹುಡುಗ ಹೇಳಿದ್ದು ನಿಜ. ನಮ್ಮಲ್ಲಿ ಆ ಮಾತನ್ನು ಅಂಗಡಿಯಲ್ಲಿ ಹೇಳುವುದಿಲ್ಲ, ಶಾಲೆಯಲ್ಲಿ ಹೇಳುವುದಿಲ್ಲ, ನೆಂಟರ ಮನೆಯಲ್ಲೂ ಹೇಳುವುದಿಲ್ಲ. ಬೆಳಗ್ಗೆ ಸ್ವಂತ ಮನೆಯ ಹೊಸ್ತಿಲು ದಾಟುವಾಗ ಒಳಗಿರುವ ತನ್ನವರಿಗೆ ಹೇಳುತ್ತಾರೆ, ಮತ್ತು ಒಳಗಿನಿಂದ ಉತ್ತರ ಬರುವವರೆಗೆ ಹೊರಗೆ ಕಾಲಿಡುವುದಿಲ್ಲ. ಕೊಹರು ರಿಕು ಕಡೆ ತಿರುಗಿಯೂ ನೋಡಲಿಲ್ಲ. ಉತ್ತರಕ್ಕೆ ಕಾಯುತ್ತ ನಿಂತಿದ್ದಳು.

ನೊಬುಯ ಮೆಟ್ಟಿಲಲ್ಲಿದ್ದ ಸಾತೊಮಿಯ ಕಡೆ ನೋಡಿದ. ಅವಳು ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು, ತಡೆಯಲಿಲ್ಲ. ಎಂಟು ವರ್ಷದಿಂದ ಅವನ ಬಾಯಲ್ಲಿ ಯಾರಿಗೂ ಹೇಳಲು ಸಂದರ್ಭವಿಲ್ಲದೆ ಉಳಿದ ಮಾತು ಆ ಉತ್ತರ. ಹೇಳಿದ.

"ಹೂಂ. ಹುಷಾರಾಗಿ ಹೋಗಿ ಬಾ, ಕೊಹರು."

"ಹೂಂ," ಎಂದಳು ಹುಡುಗಿ, ದಿನಾ ಶಾಲೆಗೆ ಹೊರಡುವವಳ ಹಾಗೆ, ಮತ್ತು ಮೆಟ್ಟಿಲಿಳಿದು ಹೋದಳು.